ವೆರ್ದೋನ್: ಇಳಿದ ಮೇಲೆ ಏರುವ ಕಮರಿ

ಬೇರೆಡೆ ಬಂಡೆ ಹತ್ತುವವರು ಬುಡದಲ್ಲಿ ನಿಂತು ತುದಿ ನೋಡುತ್ತಾರೆ. ದಕ್ಷಿಣ ಫ್ರಾನ್ಸಿನ ವೆರ್ದೋನ್ ಕಮರಿಯಲ್ಲಿ ಲೆಕ್ಕ ತಿರುವುಮುರುವು. ಲಾ ಪಾಲ್ಯು ಎಂಬ ಪುಟ್ಟ ಊರಿನಿಂದ ಹೊರಟ ರಸ್ತೆ ನಮ್ಮನ್ನು ನೇರವಾಗಿ ಗೋಡೆಯ ನೆತ್ತಿಗೇ ತಂದು ನಿಲ್ಲಿಸಿತು. ಕಟಾಂಜನಕ್ಕೆ ಆತು ಇಣುಕಿದೆ; ಎದೆ ಧಸಕ್ಕೆಂದಿತು. ಕೆಲವೆಡೆ 700 ಮೀಟರ್ ಆಳವಿರುವ ಕಮರಿ ಇದು. ತಳದಲ್ಲಿ ಹಸಿರು ಬೆರೆತ ನೀಲಿ ನದಿ.

ಪಕ್ಕದಲ್ಲೇ ಬಂಡೆ ಹತ್ತುವವರ ಜೋಡಿಯೊಂದು ಹಗ್ಗ ಬಿಗಿಯುತ್ತಿತ್ತು. ಯುವತಿ ಗಂಟನ್ನು ಎಳೆದು ನೋಡಿದಳು, ಸಂಗಾತಿಯ ಗಂಟನ್ನೂ ಮುಟ್ಟಿ ಪರೀಕ್ಷಿಸಿದಳು, ಬೆನ್ನು ಶೂನ್ಯಕ್ಕೆ ಮಾಡಿ ಇಳಿದೇಬಿಟ್ಟಳು. ಎಸ್ಕಾಲೆಸ್ ಎಂಬ ಈ ಬಂಡೆಗೋಡೆಯಲ್ಲಿ ಹತ್ತುವ ಅನೇಕ ಮಾರ್ಗಗಳಿಗೆ ಹೋಗುವುದೇ ಹೀಗೆ: ಮೊದಲು ಹಗ್ಗದಲ್ಲಿ ಇಳಿಯಬೇಕು, ಆಮೇಲೆ ಕೈಕಾಲು ನಂಬಿ ಮೇಲೆ ಬರಬೇಕು. ಹತ್ತುವುದು ಇಲ್ಲಿ ಸಾಹಸಕ್ಕಿಂತ ಹೆಚ್ಚಾಗಿ ಮನೆಗೆ ಮರಳುವ ದಾರಿ. 1968ರಲ್ಲಿ ಲಾ ದೆಮಾಂಡ್ ಮಾರ್ಗ ತೆರೆದುಕೊಂಡ ಮೇಲೆ ಜಗತ್ತಿನ ಆರೋಹಿಗಳು ಈ ಗೋಡೆಗೆ ಮರುಳಾದರು. ಕಾರಣ ಬಂಡೆಯಲ್ಲೇ ಇದೆ. ಮಳೆನೀರು ಸುಣ್ಣಕಲ್ಲನ್ನು ಕರಗಿಸಿ ಚಿಕ್ಕ ಚಿಕ್ಕ ಗುಳಿಗಳನ್ನು ಕೊರೆದಿದೆ. ಒಂದಕ್ಕೆ ಬೆರಳಿಟ್ಟೆ: ಎರಡು ಗೆಣ್ಣು ಒಳಗೆ ಹೋಯಿತು, ಅಂಚು ಚರ್ಮಕ್ಕೆ ಚುಚ್ಚಿತು.

ನಮ್ಮದು ಕಾಲ್ನಡಿಗೆ. 1905ರಲ್ಲಿ ಮಾರ್ತೆಲ್ ಎಂಬ ಗುಹಾಶೋಧಕರು ಈ ಕಮರಿಯನ್ನು ಅನ್ವೇಷಿಸಿದಾಗ ಜೊತೆಗಿದ್ದವರು ಸ್ಥಳೀಯ ಶಾಲಾ ಶಿಕ್ಷಕ ಬ್ಲಾಂ. ನಾವು ಹಿಡಿದ ಚಾರಣದ ದಾರಿಗೆ ಇಬ್ಬರ ಹೆಸರೂ ಇದೆ: ಬ್ಲಾಂ-ಮಾರ್ತೆಲ್. ಊರಿನ ಮೇಷ್ಟ್ರ ಹೆಸರು ಮುಂದಿರುವುದು ನನಗೆ ಬಹಳ ಸರಿ ಅನ್ನಿಸಿತು. ಲಾ ಮಲೀನ್‌ನಿಂದ ಪ್ವಾಂ ಸುಬ್ಲೀಮ್‌ವರೆಗೆ ಇಡೀ ದಿನದ ನಡಿಗೆ. ನಡುವೆ ಇಂಬೇರ್ ಕಂಡಿಯಲ್ಲಿ ಕಡಿದಾದ ಕಬ್ಬಿಣದ ಮೆಟ್ಟಿಲುಗಳು. ಕಂಬಿ ಬಿಗಿಹಿಡಿದು, ಮುಂದಿನ ಮೆಟ್ಟಿಲೊಂದನ್ನೇ ನೋಡುತ್ತ ಇಳಿದೆವು. ಕೊನೆಗೆ ಸುರಂಗಗಳು. ಅರ್ಧಕ್ಕೇ ಕೈಬಿಟ್ಟ ಜಲವಿದ್ಯುತ್ ಯೋಜನೆಗಾಗಿ ಅಗೆದವು ಅವು. ಟಾರ್ಚ್ ಇಲ್ಲದೆ ಒಳಗೆ ಕಾಲಿಡಲಾಗದು. ನೆಲದಲ್ಲಿ ನೀರು ನಿಂತಿರುತ್ತದೆ.

ಹೊರಬಂದಾಗ ತಲೆಯ ಮೇಲೆ ರಣಹದ್ದುಗಳು ಸುತ್ತುತ್ತಿದ್ದವು. ಇಲ್ಲಿಂದ ಕಣ್ಮರೆಯಾಗಿದ್ದ ಈ ಹಕ್ಕಿಗಳನ್ನು 1999ರಿಂದ ಮತ್ತೆ ತಂದು ಬಿಡಲಾಯಿತು.

ಹೋಗುವವರಿಗೆ ಒಂದು ಮಾತು. ನೀರು ಎಷ್ಟೇ ಕರೆದರೂ ನದಿ ದಾಟಲು ಹೋಗಬೇಡಿ. ಮೇಲ್ಭಾಗದ ಅಣೆಕಟ್ಟುಗಳಿಂದ ನೀರು ಬಿಟ್ಟರೆ ಮಟ್ಟ ಒಮ್ಮೆಲೇ ಏರುತ್ತದೆ, ಆಕಾಶದಲ್ಲಿ ಒಂದು ಮೋಡವಿಲ್ಲದಿದ್ದರೂ.