ಅಪ್ಪಯ್ಯನ ಮೇಜು, ಅಮ್ಮನ ಜಗಲಿ

26 ಅಕ್ಟೋಬರ್ 2025, ಭಾನುವಾರ
ಬೆಂಗಳೂರು

ದೀಪಾವಳಿ ಮುಗಿಸಿ ತೀರ್ಥಹಳ್ಳಿಯಿಂದ ಶುಕ್ರವಾರ ಬೆಳಿಗ್ಗೆ ಬಂದು ಇಳಿದೆ. ನಿನ್ನೆ ಅರ್ಧ ದಿನ ಇಲ್ಲಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್.ಪಿ. ರೋಡಿನಲ್ಲಿ ತಿರುಗಿದೆ. ಇವತ್ತು ಬೆಳಿಗ್ಗೆ ತೀರ್ಮಾನ ಆಯಿತು. ಮನೆಗೆ ಹೊಸ ಕಂಪ್ಯೂಟರ್ ತೆಗೆದುಕೊಳ್ಳುವ ವಿಷಯ. ಹೇಗೆ ತೀರ್ಮಾನ ಆಯಿತು ಅನ್ನುವುದನ್ನು ಮರೆಯುವ ಮೊದಲು ಬರೆದಿಡಬೇಕು.

ಹಬ್ಬಕ್ಕೆ ಹೋದ ದಿನವೇ ಅಪ್ಪಯ್ಯ ಕೋಣೆಗೆ ಕರೆದರು. ಕಂಪ್ಯೂಟರ್ ತೆರೆಯ ಮೇಲೆ ನೀಲಿ ಬಣ್ಣದ ಒಂದು ಸೂಚನೆ ಬಂದಿತ್ತು. ವಿಂಡೋಸ್ 10ಕ್ಕೆ ಬೆಂಬಲ ಅಕ್ಟೋಬರ್ 14ಕ್ಕೆ ಮುಗಿಯಿತು ಅಂತ. "14ನೇ ತಾರೀಕಿಗೆ ನಿಂತೇ ಹೋಗ್ತದೆ ಅಂದ್ಕೊಂಡಿದ್ದೆ. ಇನ್ನೂ ನಡೀತಾ ಇದೆ. ಎಂತ ಮಾಡೋದು?" ಅಂದರು. ಮೇಜಿನ ಮೇಲೆ ಒಂದು ನೋಟ್‌ಬುಕ್ ಇತ್ತು. ನಿಂತು ಹೋದರೆ ಇರಲಿ ಅಂತ ಈ ವರ್ಷದ ತೋಟದ ಲೆಕ್ಕವನ್ನೆಲ್ಲ ಕೈಯಲ್ಲಿ ನಕಲು ಮಾಡಿದ್ದರು. ಹದಿನೆಂಟು ಪುಟ. ನೋಡಿ ಹೊಟ್ಟೆಯಲ್ಲಿ ಒಂಥರಾ ಆಯಿತು. ಫೋನ್ ಮಾಡಿದಾಗಲೆಲ್ಲ "ಎಲ್ಲ ಸರಿ ಇದೆ" ಅಂದಿದ್ದರು. ನಾನೂ ಮುಂದಕ್ಕೆ ಕೇಳಿರಲಿಲ್ಲ.

ನಿಂತು ಹೋಗುವುದಿಲ್ಲ ಅಂತ ಬಿಡಿಸಿ ಹೇಳಿದೆ. ಕಂಪ್ಯೂಟರ್ ಮೊದಲಿನ ಹಾಗೇ ನಡೆಯುತ್ತದೆ. ಆದರೆ ವಿಂಡೋಸಿನ ಭದ್ರತಾ ದೋಷಗಳನ್ನು ಸರಿಪಡಿಸುವ ಅಪ್‌ಡೇಟ್ ಇನ್ನು ಮಾಮೂಲಿನಂತೆ ಬರುವುದಿಲ್ಲ. ಹೆಸರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಇನ್ನೊಂದು ವರ್ಷ ಸಿಗುತ್ತದೆ. ವಿಂಡೋಸ್ 11 ಹಾಕೋಣ ಅಂದರೆ ಈ ಯಂತ್ರಕ್ಕೆ ಆಗುವುದಿಲ್ಲ. ಅದಕ್ಕೆ ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಆಮೇಲಿನ ಪ್ರೊಸೆಸರ್ ಬೇಕು, ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು. ನಮ್ಮದು 2014ರಲ್ಲಿ ತೆಗೆದುಕೊಂಡ ನಾಲ್ಕನೇ ತಲೆಮಾರಿನ ಐ3. ನಾಲ್ಕು ಜಿಬಿ ರ‍್ಯಾಮ್. ಹಾರ್ಡ್ ಡಿಸ್ಕ್ ಬೇರೆ ಟಕ್ ಟಕ್ ಅನ್ನಲು ಶುರು ಮಾಡಿದೆ. ಮೊದಲ ಕೆಲಸ ಅಂತ ಅಷ್ಟೂ ಫೈಲುಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಂಡೆ. ಹಾರ್ಡ್ ಡಿಸ್ಕ್ ಸದ್ದು ಮಾಡಿದರೆ ಕಾಯಬಾರದು. ಇದನ್ನು ಓದುವವರ ಮನೆಯಲ್ಲೂ ಅಂಥದ್ದು ಇದ್ದರೆ ದಯವಿಟ್ಟು ಇವತ್ತೇ ನಕಲು ಮಾಡಿಕೊಳ್ಳಿ.

ಹನ್ನೊಂದು ವರ್ಷ ನಡೆದ ಯಂತ್ರ. ಹೊಸದು ತರುವುದೇ ಸರಿ ಅನ್ನಿಸಿತು. ಲ್ಯಾಪ್‌ಟಾಪೋ ಡೆಸ್ಕ್‌ಟಾಪೋ ಅನ್ನುವುದು ಮಾತ್ರ ಪ್ರಶ್ನೆ. ನನ್ನ ಮನಸ್ಸು ಆಗಲೇ ಡೆಸ್ಕ್‌ಟಾಪ್ ಕಡೆ ವಾಲಿತ್ತು.

ಅದಕ್ಕೆ ಕಾರಣ ಅಪ್ಪಯ್ಯ ಕೂರುವ ರೀತಿ. ಬೆಳಿಗ್ಗೆ ಕಾಫಿ ಕುಡಿದು ಎರಡು ಗಂಟೆ ಆ ಮೇಜಿನ ಮುಂದೆ ಕೂರುತ್ತಾರೆ. ಶಿವಮೊಗ್ಗ ಮಾರುಕಟ್ಟೆಯ ಅಡಿಕೆ ಧಾರಣೆ ನೋಡಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಲ್ಲ ಒಂದು ಪಟ್ಟಿಗೆ ತುಂಬುತ್ತಾರೆ. ಬೇಕಾದಾಗ ಭೂಮಿ ಜಾಲತಾಣದಲ್ಲಿ ಪಹಣಿ ನೋಡುತ್ತಾರೆ. ಆಮೇಲೆ ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದಲ್ಲಿ ಊರಿನ ಹಳೆಯ ಸಂಗತಿಗಳನ್ನು ಬರೆಯುತ್ತಾರೆ. ಮೇಷ್ಟರ ಕೆಲಸದಿಂದ ನಿವೃತ್ತರಾದ ಮೇಲೆ ಟೈಪ್ ಮಾಡಲು ಕಲಿತವರು. ಅದರಲ್ಲಿರುವ ಕೆ.ಪಿ. ರಾವ್ ಅವರ ಕನ್ನಡ ಕೀಲಿಮಣೆ ವಿನ್ಯಾಸ ಈಗ ಬೆರಳಿಗೇ ಗೊತ್ತು. ಒತ್ತಕ್ಷರ ಬಂದ ಕೂಡಲೇ ಎಡಗೈ ತೋರುಬೆರಳು ತಾನಾಗಿ ಎಫ್ ಕೀಲಿ ಒತ್ತುತ್ತದೆ. ಎಪ್ಪತ್ತು ದಾಟಿದವರ ಬೆರಳಿಗೆ ದೊಡ್ಡ, ಎತ್ತರದ ಕೀಲಿಗಳು ಬೇಕು. ಲ್ಯಾಪ್‌ಟಾಪಿನ ಚಪ್ಪಟೆ ಕೀಲಿಯಲ್ಲಿ ಅವರು ಎಡವುತ್ತಾರೆ. ನನ್ನದರಲ್ಲಿ ಬರೆಸಿ ನೋಡಿದೆ.

ಇನ್ನು ಕಣ್ಣು. 15.6 ಇಂಚಿನ ಲ್ಯಾಪ್‌ಟಾಪಿನಲ್ಲೂ 21.5 ಇಂಚಿನ ಮಾನಿಟರಿನಲ್ಲೂ ಸಾಮಾನ್ಯವಾಗಿ ಇರುವುದು ಅದೇ 1920 × 1080 ಚುಕ್ಕಿ. ಅಂದರೆ ಮಾನಿಟರಿನಲ್ಲಿ ಅದೇ ಅಕ್ಷರ ಮೂರನೇ ಒಂದು ಪಾಲಿಗಿಂತ ಜಾಸ್ತಿ ದೊಡ್ಡದಾಗಿ ಕಾಣುತ್ತದೆ. ಲ್ಯಾಪ್‌ಟಾಪಿನಲ್ಲಿ ತೆರೆ ಕೀಲಿಮಣೆಗೆ ಅಂಟಿಕೊಂಡೇ ಇರುವುದರಿಂದ ಕತ್ತು ಬಗ್ಗಿಸಬೇಕು. ಆದರೆ ಇಲ್ಲೊಂದು ಹೊಸ ಸಂಗತಿ ಕಂಡೆ. ಅಪ್ಪಯ್ಯನದು ಬೈಫೋಕಲ್ ಕನ್ನಡಕ. ಹತ್ತಿರದ್ದನ್ನು ಓದುವ ಗಾಜು ಕೆಳಗಿದೆ. ಮಾನಿಟರ್ ಎತ್ತರದಲ್ಲಿ ಇದ್ದರೆ ಗಲ್ಲ ಮೇಲೆತ್ತಿ ಓದುತ್ತಾರೆ. ಕತ್ತು ನೋವು ಅಂತ ಅವರು ಎಣ್ಣೆ ಹಚ್ಚಿಕೊಳ್ಳುತ್ತಿದ್ದುದಕ್ಕೆ ಇದೂ ಒಂದು ಕಾರಣ ಇರಬೇಕು. ಮಾನಿಟರಿನ ಅಡಿ ಇಟ್ಟಿದ್ದ ಎರಡು ದಪ್ಪ ಪುಸ್ತಕ ತೆಗೆದೆ. ತೆರೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿದೆ. ಗಲ್ಲ ಕೆಳಗೆ ಬಂತು. ಒಂದು ಪೈಸೆ ಖರ್ಚಿಲ್ಲದ ಈ ಕೆಲಸವನ್ನು ಹನ್ನೊಂದು ವರ್ಷದ ಹಿಂದೆಯೇ ಮಾಡಬಹುದಿತ್ತು.

ರಿಪೇರಿ ಇನ್ನೊಂದು. ಡೆಸ್ಕ್‌ಟಾಪಿನಲ್ಲಿ ಕೆಟ್ಟದ್ದನ್ನಷ್ಟೇ ತೆಗೆದು ಹಾಕಬಹುದು. ಈ ಹನ್ನೊಂದು ವರ್ಷದಲ್ಲಿ ಎರಡು ಸಲ ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಹೋಗಿದೆ. ಎರಡು ಸಲವೂ ಪೇಟೆಯ ಹುಡುಗ ಅದೇ ದಿನ ಬೇರೆ ಹಾಕಿಕೊಟ್ಟ. ಮಳೆಗಾಲದಲ್ಲಿ ರ‍್ಯಾಮ್‌ಗೆ ತೇವ ಹಿಡಿದು ಕಂಪ್ಯೂಟರ್ ಬೀಪ್ ಬೀಪ್ ಅಂದರೆ ಅಪ್ಪಯ್ಯನೇ ಮುಚ್ಚಳ ಬಿಚ್ಚಿ, ರ‍್ಯಾಮ್ ತೆಗೆದು, ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ ಹಾಕುತ್ತಾರೆ. ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಹೋದರೆ ಶಿವಮೊಗ್ಗಕ್ಕೆ ಹೊರಬೇಕು. ಸುಮಾರು 60 ಕಿಲೋಮೀಟರ್. ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ಕೆಲವಕ್ಕೆ ರ‍್ಯಾಮ್ ಬೋರ್ಡಿಗೇ ಬೆಸುಗೆ ಆಗಿರುತ್ತದೆ. ಕೊಳ್ಳುವ ಮೊದಲು ಇದನ್ನು ಕೇಳಲೇಬೇಕು.

ಹೀಗೆ ಎಲ್ಲ ಡೆಸ್ಕ್‌ಟಾಪ್ ಪರವಾಗಿಯೇ ಇತ್ತು. ಕರೆಂಟ್ ಒಂದನ್ನು ಬಿಟ್ಟು.

ಮಲೆನಾಡಿನ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಾಳಿ ಬಂದರೆ ಮರ ಬೀಳುತ್ತದೆ, ಮರ ಬಿದ್ದರೆ ತಂತಿ. ಡೆಸ್ಕ್‌ಟಾಪಿಗೆ ಇರುವ 600 ವಿಎ ಯುಪಿಎಸ್ ಹೊಸದಿದ್ದಾಗ ಹತ್ತು ಹದಿನೈದು ನಿಮಿಷ ತಡೆಯುತ್ತಿತ್ತು. ಈಗ ಬ್ಯಾಟರಿ ಸತ್ತು ಎರಡು ನಿಮಿಷ. ಮನೆಗೆ ಇನ್ವರ್ಟರ್ ಇದೆ. ಅದರ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ, ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಅಂತ. ನಾರ್ಮಲ್‌ನಲ್ಲಿ ಇಟ್ಟರೆ ಕರೆಂಟ್ ಹೋಗಿ ಬ್ಯಾಟರಿಗೆ ಬದಲಾಗುವ ಆ ಚೂರು ಹೊತ್ತಿನಲ್ಲೇ ಕಂಪ್ಯೂಟರ್ ಆಫ್ ಆಗಿಬಿಡಬಹುದು. ಯುಪಿಎಸ್ ಮೋಡಿಗೆ ಹಾಕಿದರೆ ಆ ಕಷ್ಟ ತಪ್ಪುತ್ತದೆ. ಆದರೆ ಆಗ ವೋಲ್ಟೇಜ್ 180ರ ಆಸುಪಾಸು ಇಳಿದ ಕೂಡಲೇ ಇನ್ವರ್ಟರ್ ಬ್ಯಾಟರಿಗೆ ಹೋಗಿಬಿಡುತ್ತದೆ. ಸಂಜೆ ಪಂಪ್‌ಸೆಟ್ ಓಡುವಾಗ ನಮ್ಮ ಮನೆಯ ವೋಲ್ಟೇಜ್ ಇರುವುದೇ ಅಷ್ಟು. ಕರೆಂಟ್ ಇದ್ದೂ ಬ್ಯಾಟರಿ ಖಾಲಿ. ರಾತ್ರಿ ನಿಜವಾಗಿ ಕರೆಂಟ್ ಹೋದಾಗ ದೀಪಕ್ಕೂ ಇಲ್ಲ.

ಲ್ಯಾಪ್‌ಟಾಪಿಗೆ ಇದ್ಯಾವುದೂ ಇಲ್ಲ. ಬ್ಯಾಟರಿ ಅದರೊಳಗೇ ಇದೆ. ಅಡಾಪ್ಟರ್ ಮೇಲೆ ನೋಡಿ, 100ರಿಂದ 240 ವೋಲ್ಟ್ ಅಂತ ಬರೆದಿರುತ್ತದೆ. 45 ಅಥವಾ 65 ವ್ಯಾಟಿನ ಅಡಾಪ್ಟರ್, ಬರೆಯುವ ಓದುವ ಕೆಲಸಕ್ಕೆ ಅಷ್ಟೂ ಬೇಕಾಗುವುದಿಲ್ಲ. ಸಿಡಿಲಿನ ಭಯಕ್ಕೂ ಇದೇ ಒಳ್ಳೆಯದು. ಈ ಸಲ ಹಬ್ಬದ ಹಿಂದಿನ ದಿನ ಗುಡುಗು ಶುರುವಾದಾಗ ಅಪ್ಪಯ್ಯ ಮೇಜಿನ ಕೆಳಗೆ ಬಗ್ಗಿ ಮಾನಿಟರ್, ಸಿಪಿಯು, ಪ್ರಿಂಟರ್, ಯುಪಿಎಸ್ ಅಂತ ಒಂದೊಂದೇ ಪ್ಲಗ್ ಕೀಳುತ್ತಿದ್ದರು. ಆ ವಯಸ್ಸಿನಲ್ಲಿ ಆ ಬಗ್ಗುವಿಕೆ ನೋಡಲು ಕಷ್ಟ ಆಯಿತು. ಲ್ಯಾಪ್‌ಟಾಪಿನದು ಒಂದೇ ಪ್ಲಗ್. ಕಿತ್ತರೂ ಬರೆಯುವುದು ನಿಲ್ಲುವುದಿಲ್ಲ.

ಇಷ್ಟು ಗೊಂದಲ ಹೊತ್ತುಕೊಂಡೇ ನಿನ್ನೆ ಎಸ್.ಪಿ. ರೋಡಿಗೆ ಹೋದದ್ದು. ನಾಲ್ಕು ಅಂಗಡಿಯಲ್ಲಿ ಕೇಳಿದೆ. 12ನೇ ತಲೆಮಾರಿನ ಐ3, 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, 22 ಇಂಚಿನ ಮಾನಿಟರ್, ಕೀಬೋರ್ಡ್, ಮೌಸ್, ಹೊಸ ಯುಪಿಎಸ್ ಸೇರಿ ಒಬ್ಬರು 34,000 ಅಂದರು, ಇನ್ನೊಬ್ಬರು 36,500. ರ‍್ಯಾಮ್ ಬೆಲೆ ಏರುತ್ತಿದೆ, ಮುಂದಿನ ವಾರ ಇದೇ ರೇಟ್ ಇರಲ್ಲ ಅಂದರು ಇಬ್ಬರೂ. ವಿಂಡೋಸ್ ಕೇಳಿದರೆ "ಹಾಕಿ ಕೊಡ್ತೀವಿ ಮೇಡಂ" ಅಂತಾರೆ. ಲೈಸೆನ್ಸ್ ಇರುವುದೇ ಬೇಕು ಅಂದಾಗ ಹತ್ತು ಸಾವಿರದ ಹತ್ತಿರ ಬೇರೆ ಸೇರಿತು. ಹೊಸ ಯಂತ್ರ ತರುವುದೇ ಅಪ್‌ಡೇಟ್ ಇಲ್ಲ ಅನ್ನುವ ಕಾರಣಕ್ಕೆ. ಅದಕ್ಕೇ ಕಳ್ಳ ಪ್ರತಿ ಹಾಕಿಸಿದರೆ ಏನು ಬಂತು, ಅಲ್ವಾ? ವಿಂಡೋಸ್ 11 ಹಾಕಿಯೇ ಬರುವ, ಅದೇ ಶಕ್ತಿಯ 15.6 ಇಂಚಿನ ಲ್ಯಾಪ್‌ಟಾಪ್ 38,500ಕ್ಕೆ ಇತ್ತು. ಡೆಸ್ಕ್‌ಟಾಪ್ ಅಗ್ಗ ಅಂತ ಯಾರಾದರೂ ಹೇಳಿದರೆ ಈ ಲೈಸೆನ್ಸ್, ಯುಪಿಎಸ್, ಕ್ಯಾಮೆರಾ ಎಲ್ಲ ಸೇರಿಸಿ ಕೂಡಿಸಿ ನೋಡಿ ಅನ್ನುತ್ತೇನೆ ನಾನು.

ಆದರೂ ಡೆಸ್ಕ್‌ಟಾಪೇ ಅಂತ ಮನಸ್ಸಿನಲ್ಲಿತ್ತು. ದುಡ್ಡು ಸ್ವಲ್ಪ ಜಾಸ್ತಿಯಾದರೂ ಆಗಲಿ, ಅಪ್ಪಯ್ಯನಿಗೆ ಹಿತ ಆಗಬೇಕು ಅಂತ. ರಾತ್ರಿ ಮನೆಗೆ ಫೋನ್ ಮಾಡಿದೆ. ಮೇಜಿನ ಅಳತೆ ಬೇಕಿತ್ತು. ಅಪ್ಪಯ್ಯ ಸ್ನಾನಕ್ಕೆ ಹೋಗಿದ್ದರು. ಅಮ್ಮ ಟೇಪ್ ಹಿಡಿದು ಕೋಣೆಗೆ ಹೋದಳು. ಅಳತೆ ಹೇಳಿ, "ಈ ಕುರ್ಚಿ ಮೇಲೆ ನಾನು ಇವತ್ತೇ ಕೂತದ್ದು ನೋಡು" ಅಂದಳು. ದೂರು ಏನಲ್ಲ. ಸಹಜವಾಗಿ ಅಂದ ಮಾತು.

ನನಗೆ ಮುಂದೆ ಮಾತು ಹೊರಡಲಿಲ್ಲ. ಮನೆಗೆ ಕಂಪ್ಯೂಟರ್ ಅಂತ ನಾನು ಐದು ದಿನದಿಂದ ಯೋಚಿಸುತ್ತಿದ್ದೇನೆ. ಕಣ್ಣು ಯಾರದು, ಕತ್ತು ಯಾರದು, ಬೆರಳು ಯಾರದು? ಎಲ್ಲ ಅಪ್ಪಯ್ಯನದೇ. ಆ ಮೇಜು ಅವರ ಕೋಣೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಇದೆ. ಅಮ್ಮನ ದಿನ ನಡೆಯುವುದು ಒಲೆ, ಹಿತ್ತಿಲು, ಕೊಟ್ಟಿಗೆಯಲ್ಲಿ. ಮಧ್ಯಾಹ್ನ ಊಟವಾದ ಮೇಲೆ ಜಗಲಿಯಲ್ಲಿ ಒಂದು ಗಂಟೆ. ಅಂಥ ಜಾಗದಲ್ಲಿ ಇರುವ ಕಂಪ್ಯೂಟರ್ ಅವಳ ಕೈಗೆ ಸಿಗುವುದು ಹೇಗೆ? ಮೊಮ್ಮಗನ ವೀಡಿಯೋ ಕಾಲ್ ಕೂಡ ಅವಳು ಅಂಗೈಯಗಲದ ಫೋನಿನಲ್ಲೇ ಕಣ್ಣು ಕಿರಿದು ಮಾಡಿ ನೋಡುತ್ತಾಳೆ.

ಆಗ ಬಲಿಪಾಡ್ಯಮಿಯ ರಾತ್ರಿ ನೆನಪಾಯಿತು. ಅಂಟಿಗೆ ಪಂಟಿಗೆಯವರು ಜ್ಯೋತಿ ಹಿಡಿದು ಹಾಡುತ್ತಾ ಬಂದಿದ್ದರು. ಅವರು ಅಂಗಳದಲ್ಲಿ ಹಾಡುವಾಗ ಅಮ್ಮ ಬಾಗಿಲ ಹಿಂದೆ ನಿಂತು ತುಟಿ ಆಡಿಸುತ್ತಿದ್ದಳು. ಆಮೇಲೆ ಪೆಟ್ಟಿಗೆಯಿಂದ ತನ್ನ ಹಾಡಿನ ಪುಸ್ತಕ ತೆಗೆದು, ಒಂದು ಸಾಲು ತನ್ನದರಲ್ಲಿ ಬೇರೆ ಇದೆ ಅಂತ ತೋರಿಸಿದಳು. ಅಜ್ಜಿಯಿಂದ ಕೇಳಿ ಬರೆದುಕೊಂಡ ಮದುವೆ ಹಾಡು, ಬಸುರಿ ಹಾಡು, ಬಲೀಂದ್ರನ ಹಾಡು. ನಾಲ್ಕು ಪುಸ್ತಕ. ಶಾಯಿ ಮಳೆಗಾಲದ ತೇವಕ್ಕೆ ಹರಡಿದೆ. ಅಂಚನ್ನು ಹುಳು ತಿಂದಿದೆ. ಅಪ್ಪಯ್ಯನ ಬರಹ ಪೆನ್‌ಡ್ರೈವಿನಲ್ಲಿ ಮೂರು ಪ್ರತಿ ಇದೆ. ಅಮ್ಮನದು ಇರುವುದು ಅದೊಂದೇ.

"ಕಂಪ್ಯೂಟರನ್ನು ಜಗಲಿಗೆ ತರುವ ಹಾಗಿದ್ದರೆ ನೀನು ಹಾಡು ಬರೀತೀಯಾ?" ಅಂತ ಕೇಳಿದೆ.

"ನಂಗೆಂತಕ್ಕೆ ಮಾರಾಯ್ತಿ ಅದೆಲ್ಲ" ಅಂದಳು. ಸುಮ್ಮನಿದ್ದಳು. ಆಮೇಲೆ, "ಟೈಪ್ ಮಾಡಲಿಕ್ಕೆ ಎಷ್ಟು ದಿನ ಬೇಕು ಕಲೀಲಿಕ್ಕೆ?" ಅಂದಳು.

ಅಲ್ಲಿಗೆ ನನ್ನ ಡೆಸ್ಕ್‌ಟಾಪ್ ಯೋಚನೆ ಮುಗಿಯಿತು.

ಆದರೆ ಅಪ್ಪಯ್ಯನ ಹಿತವನ್ನೂ ಬಿಡುವಂತಿಲ್ಲ. ಹಾಗಾಗಿ ಲ್ಯಾಪ್‌ಟಾಪ್ ತರುವುದು, ಬೆಳಿಗ್ಗೆ ಅದು ಅಪ್ಪಯ್ಯನ ಮೇಜಿನ ಮೇಲೆ ಕೂರುವುದು. ಹಳೆಯ ಕೀಬೋರ್ಡ್, ಮೌಸ್ ಯುಎಸ್‌ಬಿಯವೇ, ಹಾಗೇ ಚುಚ್ಚಬಹುದು. ಹಳೆಯ ಮಾನಿಟರಿನಲ್ಲಿ ವೈರ್ ಚುಚ್ಚಲು ಹಳೆಯ ಬಗೆಯ ವಿಜಿಎ ಮಾತ್ರ ಇದೆ, ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ. ನಡುವೆ ಒಂದು ಪರಿವರ್ತಕ ಬೇಕು, 350 ರೂಪಾಯಿ. ಯುಗಾದಿಗೆ 22 ಇಂಚಿನ ಹೊಸ ಮಾನಿಟರ್ ಕೊಡಿಸುತ್ತೇನೆ. ಮಧ್ಯಾಹ್ನ ಆ ವೈರ್ ಎಲ್ಲ ಕಿತ್ತರೆ ಲ್ಯಾಪ್‌ಟಾಪ್ ಜಗಲಿಗೆ. ಸದಾ ಚಾರ್ಜಿಗೆ ಹಾಕಿಟ್ಟರೆ ಬ್ಯಾಟರಿ ಬೇಗ ಸೋಲುತ್ತದೆ. ಅದಕ್ಕೇ ಶೇಕಡಾ 80ಕ್ಕೆ ಚಾರ್ಜ್ ನಿಲ್ಲಿಸುವ ಸೌಲಭ್ಯ ಇರುವುದನ್ನೇ ಆರಿಸಿದ್ದೇನೆ. ರ‍್ಯಾಮ್ ಹಾಕಲು ಒಂದು ಜಾಗ ಖಾಲಿ ಇದೆ ಅಂತಲೂ ಖಚಿತ ಮಾಡಿಕೊಂಡೆ. ಜಗಲಿಯ ತೇವದ ಗಾಳಿ ಇದಕ್ಕೂ ತಾಗುತ್ತದೆ. ಆದರೆ ದಿನಾ ಬಳಸುವ ಯಂತ್ರ ತನ್ನ ಬಿಸಿಗೇ ಒಣಗಿಕೊಳ್ಳುತ್ತದೆ. ಮುಚ್ಚಿಟ್ಟದ್ದಕ್ಕೇ ಬೂಸು ಬರುವುದು.

ಅಪ್ಪಯ್ಯ ಏನನ್ನುತ್ತಾರೋ ಅಂತ ಅಳುಕು ಇತ್ತು. ಹನ್ನೊಂದು ವರ್ಷ ಒಬ್ಬರೇ ಬಳಸಿದವರು. ಬೆಳಿಗ್ಗೆ ಫೋನಿನಲ್ಲಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. "ನಂಗೆ ಬೆಳಿಗ್ಗೆ ಎರಡು ಗಂಟೆ ಸಾಕು. ಉಳಿದದ್ದು ಅವಳೇ ಇಟ್ಕೊಳ್ಳಲಿ. ಒತ್ತಕ್ಷರ ನಾನೇ ಹೇಳಿಕೊಡ್ತೇನೆ" ಅಂದರು.

ನಾಳೆ ಸಂಜೆ ಹೋಗಿ ದುಡ್ಡು ಕೊಟ್ಟು ತರಬೇಕು. ಮುಂದಿನ ಶನಿವಾರ ತಮ್ಮ ಊರಿಗೆ ಹೋಗುತ್ತಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ಹಳೆಯ ಫೈಲುಗಳಲ್ಲಿ ಯೂನಿಕೋಡ್, ಅಂದರೆ ಎಲ್ಲ ಯಂತ್ರದಲ್ಲೂ ಒಂದೇ ಥರ ಓದಬಹುದಾದ ಅಕ್ಷರ ಸಂಕೇತ, ಅಲ್ಲದವೇ ಜಾಸ್ತಿ ಇವೆ. ಅವನ್ನು ನಾನು ಇಲ್ಲೇ ಪರಿವರ್ತಿಸಿ ಹಾಕಿಡಬೇಕು. ಇಲ್ಲದಿದ್ದರೆ ಹಳೆಯ ಅಕ್ಷರಶೈಲಿ ಇಲ್ಲದ ಹೊಸ ಯಂತ್ರದಲ್ಲಿ ಅಪ್ಪಯ್ಯನ ಬರಹ ಗೀಚಿದಂತೆ ಕಾಣುತ್ತದೆ.

ಈಗ ಇದನ್ನು ಬರೆಯುತ್ತಿರುವಾಗಲೇ ಅಮ್ಮನ ಫೋನ್ ಬಂತು. ಅದು ಎಷ್ಟು ಭಾರ ಇರುತ್ತದೆ ಅಂತ ಕೇಳಿದಳು. ಒಂದೂ ಮುಕ್ಕಾಲು ಕೆಜಿಗಿಂತ ಕಡಿಮೆ ಅಂದೆ. "ಹಂಗಾದ್ರೆ ನಾನೇ ಎತ್ಕೊಂಡು ಬರ್ತೇನೆ, ಅವರನ್ನು ಕರೆಯೋದು ಬೇಡ" ಅಂದಳು.