ಒಂದು ಅರ್ರೋಥ್ ಕೊನ್ ಲೆಚೆ ಬೇಕಿತ್ತು

ಮ್ಯಾಡ್ರಿಡ್‌ನಲ್ಲಿ ಮಧ್ಯಾಹ್ನದ ಊಟ ಅಂದರೆ ಎರಡು ಗಂಟೆಯ ಮೇಲೇ. ಕೆಲಸದ ಮೇಲೆ ಆರು ತಿಂಗಳು ಅಲ್ಲಿದ್ದಾಗ ಲಾವಾಪಿಯೆಸ್ ಬಡಾವಣೆಯ ಒಂದು ಪುಟ್ಟ ಹೋಟೆಲಿಗೆ ಹೋಗುತ್ತಿದ್ದೆ. ವಾರದ ದಿನಗಳಲ್ಲಿ ಅಲ್ಲಿ 'ಮೆನು ದೆಲ್ ದಿಯಾ' ಸಿಗುತ್ತಿತ್ತು. ಒಂದೇ ಬೆಲೆಗೆ ಮೊದಲ ತಟ್ಟೆ, ಎರಡನೇ ತಟ್ಟೆ, ಬ್ರೆಡ್ಡು, ಕುಡಿಯಲು ಏನಾದರೂ, ಕೊನೆಗೆ ಸಿಹಿ ಅಥವಾ ಕಾಫಿ. ಈ 'ಅಥವಾ' ಮೊದಲ ದಿನವೇ ನನ್ನನ್ನು ಕೆಡವಿತು.

ಬಡಿಸುವಾಕೆ ಬಂದು "ಪೋಸ್ತ್ರೆ ಓ ಕಫೆ?" ಎಂದಳು, ಸಿಹಿಯೋ ಕಾಫಿಯೋ ಅಂತ. ನನಗೆ ಅದು ಒಂದೇ ಪದದ ಹಾಗೆ ಕೇಳಿಸಿತು. ನಗುತ್ತಾ "ಸಿ" ಅಂದೆ, ಹೌದು ಅಂತ. ಅವಳು ಮತ್ತೆ ಕೇಳಿದಳು. ನಾನು ಮತ್ತೆ "ಸಿ". ಕಾಫಿ ಬಂತು. ಪಕ್ಕದ ಮೇಜಿನ ಅಜ್ಜ ಮಣ್ಣಿನ ಬಟ್ಟಲಿನಿಂದ ಏನೋ ಬೆಳ್ಳಗಿನದನ್ನು ಚಮಚದಲ್ಲಿ ತೆಗೆದು, ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದರು. ಮೇಲೆ ದಾಲ್ಚಿನ್ನಿ ಪುಡಿ. ನಾಳೆ ನನಗೂ ಅದೇ ಅಂದುಕೊಂಡೆ.

ಅದರ ಹೆಸರು 'ಅರ್ರೋಥ್ ಕೊನ್ ಲೆಚೆ'. ಹಾಲಿನ ಜೊತೆ ಅಕ್ಕಿ, ಅಷ್ಟೇ ಅರ್ಥ. ಹಾಲಿನಲ್ಲಿ ನಿಂಬೆಯ ಸಿಪ್ಪೆ, ದಾಲ್ಚಿನ್ನಿಯ ಚಕ್ಕೆ ಹಾಕಿ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕೈಯಾಡಿಸುತ್ತಾರೆ. ಆಮೇಲೆ ತಣ್ಣಗೆ ಮಾಡುತ್ತಾರೆ. ಉತ್ತರದ ಅಸ್ತೂರಿಯಾಸ್ ಕಡೆ ಮೇಲೆ ಸಕ್ಕರೆ ಉದುರಿಸಿ ಸುಟ್ಟು ಗರಿಗರಿ ಪದರ ಮಾಡುವುದೂ ಉಂಟು.

ಹೆಸರು ಹೇಳುವುದೇ ಒಂದು ಕಸರತ್ತು. 'ಅರ್ರೋಥ್'ನ ಕೊನೆಯ ಅಕ್ಷರವನ್ನು ನಾನು 'ಥ್' ಎಂದು ಬರೆದಿದ್ದೇನೆ, ಆದರೆ ಅದು ನಮ್ಮ ಮಹಾಪ್ರಾಣ ಅಲ್ಲ. ನಾಲಗೆಯ ತುದಿಯನ್ನು ಹಲ್ಲುಗಳ ನಡುವೆ ಇಟ್ಟು ಗಾಳಿ ಬಿಡಬೇಕು. ಲ್ಯಾಟಿನ್ ಅಮೆರಿಕದಲ್ಲಿ ಈ ಕಷ್ಟ ಇಲ್ಲ, ಸುಮ್ನೆ 'ಅರ್ರೋಸ್' ಅಂದರೆ ಆಯಿತು. ಇನ್ನು 'ಪೋಸ್ತ್ರೆ'ಯನ್ನು ನಾನು ಎಷ್ಟೋ ದಿನ 'ಪೋಸ್ಟ್ರೆ' ಎನ್ನುತ್ತಿದ್ದೆ. ಇಂಗ್ಲಿಷ್ ಅಭ್ಯಾಸ. ಸ್ಪ್ಯಾನಿಷ್‌ನಲ್ಲಿ ನಮ್ಮ 'ತ', ನಮ್ಮ 'ದ' ಇವೆ. ಬಾಯಲ್ಲೇ ಇದ್ದ ಅಕ್ಷರವನ್ನು ಬಿಟ್ಟು ಊರೆಲ್ಲ ಸುತ್ತಿದ್ದೆ!

ಅದನ್ನು ಕೇಳುವ ವಾಕ್ಯವನ್ನು ಕಲಿಸಿದ್ದು ನನ್ನ ಮನೆ ಮಾಲೀಕರು. ಫೋನಿನ ಆ್ಯಪ್ 'ಕಿಯೆರೊ' ಎಂದು ಕಲಿಸಿತ್ತು, 'ನನಗೆ ಬೇಕು' ಅಂತ. ತಪ್ಪೇನಲ್ಲ, ಆದರೆ ಸ್ವಲ್ಪ ಒರಟು, ಹಟ ಹಿಡಿದ ಮಗುವಿನ ಹಾಗೆ ಎಂದರು ಅವರು. 'ಕೆರೀಯಾ' ಎನ್ನಬೇಕಂತೆ. ಅದು ಭೂತಕಾಲ ಅಲ್ವಾ ಎಂದು ಕೇಳಿದೆ. ಹೌದು, ಆದರೆ ಈಗಲೇ ಬೇಕು ಎನ್ನುವಾಗಲೂ ಅದೇ, ಮರ್ಯಾದೆಗೆ ಎಂದು ವಿವರಿಸಲು ಹೊರಟರು. ನನಗೆ ವಿವರಣೆ ಬೇಕಾಗಲಿಲ್ಲ. ನಾವೂ ಹಾಗೇ ಮಾಡುತ್ತೇವಲ್ಲ! ಅಂಗಡಿಯಲ್ಲಿ ನಿಂತು "ಒಂದು ಪೆನ್ನು ಬೇಕಿತ್ತು" ಎನ್ನುತ್ತೇವೆ. ನಿನ್ನೆ ಬೇಕಿತ್ತು, ಇವತ್ತು ಬೇಡ ಅಂತ ಯಾರೂ ತಿಳಿದುಕೊಳ್ಳುವುದಿಲ್ಲ. ಮೂರು ವಾರ ಆ್ಯಪಿನ ಇಂಗ್ಲಿಷ್ ಸೂಚನೆ ಓದಿ ತಲೆ ಕೆಡಿಸಿಕೊಂಡಿದ್ದೆನಲ್ಲ ಎಂದು ನಗು ಬಂತು.

ಮರುದಿನ "ಕೆರೀಯಾ ಉನ್ ಅರ್ರೋಥ್ ಕೊನ್ ಲೆಚೆ, ಪೊರ್ ಫಾವೋರ್" ಎಂದೆ. ಒಂದೇ ಉಸಿರಿನಲ್ಲಿ. ಬಡಿಸುವಾಕೆ ಹುಬ್ಬು ಮೇಲೇರಿಸಿ "ಎಸ್ ಕಸೇರೊ" ಎಂದಳು, ಹೆಮ್ಮೆಯಿಂದ. ನನಗೆ ಗಾಬರಿ. 'ಕಸೇರೊ' ಅಂದರೆ ಮನೆ ಮಾಲೀಕ ಎಂದಷ್ಟೇ ನನಗೆ ಗೊತ್ತಿತ್ತು. ಈ ಅನ್ನ ನನ್ನ ಮಾಲೀಕರದೇ? ಅವರೇ ಕಳಿಸಿದರೇ? ಆಮೇಲೆ ತಿಳಿಯಿತು, 'ಕಾಸಾ' ಅಂದರೆ ಮನೆ, ಮನೆಯಲ್ಲಿ ಮಾಡಿದಂಥ ಅಡುಗೆಯೂ ಕಸೇರೊ, ಮನೆ ಬಾಡಿಗೆಗೆ ಕೊಟ್ಟವನೂ ಕಸೇರೊ. ಇದನ್ನು ನೋಡಿ ನಗುವ ಹಕ್ಕು ನಮಗೆ ಕಡಿಮೆ. 'ನಮ್ಮ ಮನೆಯವರು' ಎಂದು ಗಂಡನನ್ನು ಕರೆಯುವ ಭಾಷೆ ನಮ್ಮದು.

ಬಟ್ಟಲು ಬಂತು. ತಣ್ಣಗೆ, ದಪ್ಪಗೆ. ಅಕ್ಕಿ ಕರಗಿರಲಿಲ್ಲ, ಆದರೆ ಹಲ್ಲಿಗೆ ಕೆಲಸವೂ ಇರಲಿಲ್ಲ. ತಳದಲ್ಲಿ ತೆಗೆಯಲು ಮರೆತ ನಿಂಬೆ ಸಿಪ್ಪೆಯ ಚೂರು ಸಿಕ್ಕಿತು. ಅದನ್ನೂ ಅಗಿದೆ.

ಅಲ್ಲಿಂದ ಮುಂದೆ ಬೇರೆ ಸಿಹಿಯ ಹೆಸರೇ ಕೇಳಲಿಲ್ಲ. ಅವಳು ಫ್ಲಾನ್, ನಾತಿಯಾಸ್, ಚೀಸಿನ ಕೇಕು, ಹಣ್ಣು ಎಂದು ಪಟ್ಟಿ ಒಪ್ಪಿಸುತ್ತಿದ್ದಳು, ನಾನು ನನ್ನ ವಾಕ್ಯ ಒಪ್ಪಿಸುತ್ತಿದ್ದೆ. ಒಂದು ಶುಕ್ರವಾರ ನಾನು ಬಾಯಿ ತೆರೆಯುವ ಮೊದಲೇ ಅವಳು ತಲೆ ಅಲ್ಲಾಡಿಸಿದಳು. "ನೋ ಕೇದಾ." ಉಳಿದಿಲ್ಲ. ನನ್ನ ಬಳಿ ಬೇರೆ ವಾಕ್ಯವೇ ಇರಲಿಲ್ಲ. ಅದೇ ವಾಕ್ಯಕ್ಕೆ 'ನಾತಿಯಾಸ್' ಎಂದು ತುರುಕಿದೆ.

ಹಳದಿ ಬಣ್ಣದ ತೆಳು ಕಸ್ಟರ್ಡ್, ಮೇಲೆ ಒಂದು ಮಾರಿಯಾ ಬಿಸ್ಕತ್ತು ತೇಲುತ್ತಿತ್ತು. ಹೇಗಿದೆ ಎಂದು ಕೇಳಿದಳು. "ಮೆ ಗುಸ್ತಾ" ಎಂದೆ, ನನಗೆ ಇಷ್ಟ ಅಂತ.

"ಗುಸ್ತಾನ್" ಎಂದು ತಿದ್ದಿದಳು. ನಾತಿಯಾಸ್ ಬಹುವಚನ. ನನಗೆ ನಾತಿಯಾಸ್ ಇಷ್ಟವಾಗುತ್ತದೆ ಅಲ್ಲ, ಇಷ್ಟವಾಗುತ್ತವೆ. ಇದೂ ನಮ್ಮದೇ ಲೆಕ್ಕ.

"ಮೆ ಗುಸ್ತಾನ್" ಎಂದೆ. ಬಿಸ್ಕತ್ತು ಅಷ್ಟರಲ್ಲಿ ನೆಂದು ಮುಳುಗಿತ್ತು.