ಬಲಗಡೆ ನದಿ

ನರ್ಮದಾ ಪರಿಕ್ರಮ ಮುಗಿಸಿ ಬಂದವರನ್ನು ಜನ ಎರಡು ಪ್ರಶ್ನೆ ಕೇಳೇ ಕೇಳುತ್ತಾರೆ. ಒಬ್ಬರೇ ಹೋಗಿದ್ದಿರಲ್ಲ, ಶೂಲಪಾಣಿ ಕಾಡಲ್ಲಿ ಹೆದರಿಕೆ ಆಗಲಿಲ್ವಾ? ಮತ್ತೆ, ಮಯ್ಯಾ, ಅಂದರೆ ನರ್ಮದಾ ತಾಯಿ, ನಿಮಗೆ ಯಾವ ರೂಪದಲ್ಲಿ ಕಂಡಳು? ಮೊದಲನೆಯದಕ್ಕೆ ಇಲ್ಲ ಅಂದರೆ ಯಾರೂ ನಂಬುವುದಿಲ್ಲ. ಎರಡನೆಯದಕ್ಕೆ ಗೊತ್ತಾಗಲಿಲ್ಲ ಅಂದರೆ ಕೇಳಿದವರೇ ಬೇಜಾರು ಮಾಡಿಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಹೆದರಿಕೆ, ಬೇಸರ, ಖುಷಿ ಯಾವುದೂ ಜನ ಗುರುತು ಹಾಕಿಟ್ಟ ಜಾಗದಲ್ಲಿ ನನಗೆ ಸಿಗಲಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಅಮರಕಂಟಕದಲ್ಲಿ ಹುಟ್ಟಿ ಗುಜರಾತಿನ ಭರೂಚ್ ದಾಟಿ ಸಮುದ್ರ ಸೇರುವ ನರ್ಮದೆಯ ಉದ್ದ 1,312 ಕಿ.ಮೀ. ಒಂದು ದಡ ಹಿಡಿದು ಸಮುದ್ರದವರೆಗೆ ಹೋಗಬೇಕು. ಇನ್ನೊಂದು ದಡ ಹಿಡಿದು ಮೂಲದವರೆಗೆ ಬಂದು, ಮತ್ತೆ ಹೊರಟ ಜಾಗ ಸೇರಬೇಕು. ನದಿ ಯಾವಾಗಲೂ ಬಲಗಡೆ ಇರಬೇಕು. ನಡುವೆ ಎಲ್ಲೂ ದಾಟುವ ಹಾಗಿಲ್ಲ, ಸಮುದ್ರದ ಬಾಯಲ್ಲಿ ಮಾತ್ರ ದೋಣಿ. ಹಳೇ ಲೆಕ್ಕದಲ್ಲಿ ಇದಕ್ಕೆ 3 ವರ್ಷ, 3 ತಿಂಗಳು, 13 ದಿನ. ನನ್ನಂಥವರು ಚಾತುರ್ಮಾಸ ಮುಗಿದ ಮೇಲೆ ಹೊರಟು ಮಳೆಗಾಲಕ್ಕೆ ಮುಂಚೆ ಮುಗಿಸುತ್ತಾರೆ. ಬಸ್ಸಲ್ಲಿ, ಕಾರಲ್ಲಿ ಸುತ್ತುವವರೂ ಬೇಕಾದಷ್ಟು ಜನ ಇದ್ದಾರೆ. ನಾನು ನಡೆದೆ.

ನಾನು ಹಾವೇರಿ ಕಡೆಯವಳು. ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರಿನಲ್ಲಿ ಕೂತು ಬೇರೆಯವರ ದುಡ್ಡು ಎಣಿಸಿಯೇ ನನ್ನ ಅರ್ಧ ಆಯಸ್ಸು ಹೋಯಿತು. ಯಾರ ಹತ್ತಿರವೂ ಒಂದು ರೂಪಾಯಿ ಜಾಸ್ತಿ ತಗೊಂಡವಳಲ್ಲ, ಒಂದು ರೂಪಾಯಿ ಬಿಟ್ಟವಳೂ ಅಲ್ಲ. ಇಂಥವಳಿಗೆ ಪರಿಕ್ರಮದಲ್ಲಿ ಮೊದಲು ಕಷ್ಟವಾಗಿದ್ದು ಕಾಲಲ್ಲ, ಕೈ. ಎಲ್ಲರೂ ಕೊಡುತ್ತಾರೆ, ನೀನು ತಗೋಬೇಕು. ಚಹಾ, ಬಾಲಭೋಗ ಅನ್ನುವ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ಮಲಗಲು ಜಾಗ. ದಾರಿಯಲ್ಲಿ ಸೈಕಲ್ ನಿಲ್ಲಿಸಿ ಶಾಲೆ ಹುಡುಗ ಬಿಸ್ಕತ್ ಪೊಟ್ಟಣ ಕೈಗಿಡುತ್ತಾನೆ. ಕಾಲು ಮುಟ್ಟಿ ನಮಸ್ಕಾರ ಬೇರೆ. ಮೊದಮೊದಲು ನಾನು ಪರ್ಸ್ ತೆಗೆಯುತ್ತಿದ್ದೆ. ಅವರ ಮುಖ ಸಪ್ಪಗಾಗುತ್ತಿತ್ತು. ಆಮೇಲೆ ಪರ್ಸನ್ನು ಚೀಲದ ತಳಕ್ಕೆ ಹಾಕಿಬಿಟ್ಟೆ.

ಹೊರಟಿದ್ದು ಓಂಕಾರೇಶ್ವರದಿಂದ. ದಕ್ಷಿಣ ದಡದ ಘಾಟಿನಲ್ಲಿ ಪೂಜೆ, ಕಡಾಯಿ ಪ್ರಸಾದ, ಪುಟ್ಟ ಹೆಣ್ಣುಮಕ್ಕಳಿಗೆ ಊಟ. ಒಂದು ಚಿಕ್ಕ ಬಾಟಲಿಯಲ್ಲಿ ನರ್ಮದೆಯ ನೀರು ತುಂಬಿಕೊಂಡೆ. ಅದೇ ದೇವರು. ಎಲ್ಲೇ ಇದ್ದರೂ ಬೆಳಿಗ್ಗೆ ಸಂಜೆ ಅದಕ್ಕೇ ಆರತಿ. ಜ್ಯೋತಿರ್ಲಿಂಗ ಇರುವುದು ನದಿಯ ನಡುವಿನ ದ್ವೀಪದಲ್ಲಿ. ಸಂಕಲ್ಪ ಮಾಡಿದ ಮೇಲೆ ಅಲ್ಲಿಗೂ ಹೋಗುವ ಹಾಗಿಲ್ಲ, ನದಿ ದಾಟಿದ ಹಾಗಾಗುತ್ತದೆ. ಈ ಕಡೆ ದಡದ ಮಮಲೇಶ್ವರನಿಗೆ ಕೈ ಮುಗಿದು ನಡೆಯಲು ಶುರು ಮಾಡಿದೆ.

ಮೊದಲ ವಾರ ನಿಮಾಡದ ಸೀಮೆ. ಹತ್ತಿ, ಬಾಳೆ, ಮೆಣಸಿನಕಾಯಿ. ಬೇಡಿಯಾ ಅಂತ ಒಂದು ಊರಿದೆ, ಮೆಣಸಿನಕಾಯಿ ಮಾರುಕಟ್ಟೆಗೆ ಹೆಸರಾದದ್ದು. ಆ ಕಡೆಯಿಂದ ಗಾಳಿ ಬೀಸಿದಾಗ ಮೂಗಿಗೆ ಘಾಟು ಹತ್ತಿ ಸೀನು ಬಂತು. ಬ್ಯಾಡಗಿ ಪೇಟೆಯಲ್ಲಿ ನಿಂತ ಹಾಗೇ ಆಯಿತು. ಭಟ್ಯಾಣದಲ್ಲಿ ಸಿಯಾರಾಮ ಬಾಬಾ ಇನ್ನೂ ಇದ್ದರು. ಕೌಪೀನ ಬಿಟ್ಟರೆ ಮೈಮೇಲೆ ಏನೂ ಇಲ್ಲದ ಮುದುಕ. ಕಾಣಿಕೆ ಅಂತ ಹತ್ತು ರೂಪಾಯಿಗಿಂತ ಜಾಸ್ತಿ ಯಾರು ಕೊಟ್ಟರೂ ತಗೊಳ್ಳುತ್ತಿರಲಿಲ್ಲ, ಬಂದ ಪರಿಕ್ರಮಾವಾಸಿಗಳಿಗೆಲ್ಲ ಚಹಾ. ನನಗೆ ಈ ಲೆಕ್ಕ ಬಹಳ ಹಿಡಿಸಿತು. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡ ಸುದ್ದಿ ಓದಿದಾಗ ಮೊದಲು ನೆನಪಾಗಿದ್ದು ಆ ಚಹಾ.

ಶೂಲಪಾಣಿ ಕಾಡಿನ ಕಥೆ ಎಲ್ಲರೂ ಹೇಳಿದ್ದರು. ಹಿಂದೆ ಅಲ್ಲಿ ಭಿಲ್ಲರು ಪರಿಕ್ರಮಾವಾಸಿಗಳನ್ನು ತಡೆದು ಮೈಮೇಲಿನ ಬಟ್ಟೆಯನ್ನೂ ಬಿಚ್ಚಿಸಿಕೊಳ್ಳುತ್ತಿದ್ದರಂತೆ. ಅವರನ್ನು ‘ಮಾಮಾ’ ಅಂತಲೇ ಕರೆಯಬೇಕು. ಲೂಟಿ ಮಾಡುವವನೂ ಸೋದರಮಾವ! ಈಗ ಆ ಕಾಲ ಹೋಗಿದೆ. ಗುಡ್ಡದ ಮೇಲೊಂದು ಮನೆಯಲ್ಲಿ ನಾನು ರಾತ್ರಿ ಉಳಿದೆ. ಇದ್ದ ಒಂದೇ ಮಂಚ ನನಗೆ. ಮನೆಯಾಕೆ ಮೂಲೆಯಲ್ಲಿದ್ದ ಮೇಕೆಮರಿಗಳನ್ನು ಒಂದೊಂದಾಗಿ ಎತ್ತಿ ಆಚೆ ಬಿಟ್ಟು, ಜಾಗ ಗುಡಿಸಿದಳು. ಒಂದು ಮರಿ ಮತ್ತೆ ಮತ್ತೆ ಒಳಗೇ ಬರುತ್ತಿತ್ತು. ಕೊನೆಗೆ ‘ಇರಲಿ ಬಿಡು’ ಅಂದೆ. ಅದು ರಾತ್ರಿಯೆಲ್ಲ ಮಂಚದ ಕೆಳಗೆ ಮಲಗಿತ್ತು. ಮೆಕ್ಕೆಜೋಳದ ರೊಟ್ಟಿ, ಉದ್ದಿನಬೇಳೆ. ಬೆಳಿಗ್ಗೆ ಅವಳ ಮಾವ ಕೆಳಗೆ ಕಾಣುವ ಹಿನ್ನೀರಿನ ಕಡೆ ಕೈ ತೋರಿಸಿ, ನಮ್ಮ ಹಳೇ ಮನೆ ಅಗೋ ಅಲ್ಲಿತ್ತು ಅಂದರು. ನೀರು ಬಿಟ್ಟರೆ ಏನೂ ಕಾಣಲಿಲ್ಲ. ಸರದಾರ್ ಸರೋವರದ ಅಣೆಕಟ್ಟು ಒಕ್ಕಲೆಬ್ಬಿಸಿದ ಊರುಗಳು ಒಂದೆರಡಲ್ಲ. ಪರಿಕ್ರಮದ ಹಳೇ ದಾರಿಯೂ ಎಷ್ಟೋ ಕಡೆ ಅದರಡಿ ಹೋಗಿದೆ. ಕೊಡಲು ಏನೂ ಉಳಿಯದವರ ಮನೆಯಲ್ಲಿ ಹೊಟ್ಟೆ ತುಂಬ ತಿಂದು ಮಲಗಿದ್ದೆ ಅನ್ನುವುದು ಗುಡ್ಡ ಇಳಿಯುವಾಗ ಚುಚ್ಚುತ್ತಲೇ ಇತ್ತು. ಹೆದರಿಕೆ ಮಾತ್ರ ಒಂದು ಕ್ಷಣವೂ ಆಗಲಿಲ್ಲ.

ಕುಸಿದು ಕೂತಿದ್ದು ಅಂಕಲೇಶ್ವರದ ಹತ್ತಿರ, ದೊಡ್ಡ ರಸ್ತೆಯಲ್ಲಿ. ಒಂದು ಕಡೆ ಕಾರ್ಖಾನೆಗಳು, ಇನ್ನೊಂದು ಕಡೆ ಲಾರಿಗಳು. ಗಾಳಿಯಲ್ಲಿ ಕೆಮಿಕಲ್ ವಾಸನೆ. ನದಿ ಎಲ್ಲೋ ಬಲಗಡೆ ಇದೆಯಂತೆ, ಕಾಣುವುದಿಲ್ಲ. ಸುತ್ತ ಅಷ್ಟು ಜನ, ಒಬ್ಬರೂ ನಮಸ್ಕಾರಕ್ಕೆ ‘ನರ್ಮದೇ ಹರ್’ ಅನ್ನಲಿಲ್ಲ. ಕಾಡಲ್ಲಿ ಬಾರದ ಒಂಟಿತನ ಅಲ್ಲಿ ಬಂತು. ಪಂಕ್ಚರ್ ಅಂಗಡಿಯ ನೆರಳಲ್ಲಿ ಕೂತು ಅಣ್ಣನಿಗೆ ಫೋನ್ ಮಾಡಿದೆ. ‘ಸಾಕಾತೇನು? ಟಿಕೆಟ್ ತಗಸ್ಲ್ಯಾ?’ ಅಂದ. ಅವನ ದನಿಯಲ್ಲಿದ್ದ ಖುಷಿ ಕೇಳಿಯೇ ಎದ್ದು ನಡೆದೆ. ಬೇರೆ ಯಾವ ಸ್ಫೂರ್ತಿಯೂ ಇರಲಿಲ್ಲ.

ಹೆದರಿಕೆ ಕಾದಿದ್ದು ದೋಣಿಯಲ್ಲಿ. ವಿಮಲೇಶ್ವರದ ಕಡೆಯಿಂದ ಹೊರಟು ಆಚೆ ದಡದ ಮೀಠಿ ತಲಾಯಿ ಮುಟ್ಟಬೇಕು. ಸಮುದ್ರದ ಭರತ ಬಂದರೇ ದೋಣಿ, ಅದು ಬರುವ ಹೊತ್ತಿಗೆ ನೀನು ಸಿದ್ಧ ಇರಬೇಕು. ನಮಗೆ ನಡುರಾತ್ರಿ ಕರೆ ಬಂತು. ಕೆಸರಲ್ಲಿ ಕಾಲು ಹೂತುಕೊಂಡು ಹೋಗಿ ಹತ್ತಿದೆವು. ಕೂತ ಮೇಲೆ ಕೈಕಾಲು ಅಲ್ಲಾಡಿಸುವಷ್ಟು ಜಾಗ ಇಲ್ಲ. ಡೀಸೆಲ್ ಹೊಗೆ. ಸ್ವಲ್ಪ ಹೊತ್ತಿಗೆ ಹಿಂದಿನ ದೀಪಗಳು ಮರೆಯಾದವು, ಮುಂದಿನವು ಕಾಣಿಸಲಿಲ್ಲ. ಅಷ್ಟು ದಿನ ಬಲಗಡೆ ಇದ್ದ ನೀರು ಈಗ ಎಲ್ಲ ಕಡೆ. ನನಗೆ ಈಜು ಬರುವುದಿಲ್ಲ. ಪಕ್ಕದಲ್ಲಿದ್ದ ಮಹಾರಾಷ್ಟ್ರದ ಅಜ್ಜಿ ನನ್ನ ಚೀಲದ ಪಟ್ಟಿ ಹಿಡಿದುಕೊಂಡು ಜಪ ಮಾಡುತ್ತಿದ್ದಳು. ನಾನು ಅವಳ ಸೀರೆಯ ಸೆರಗು ಹಿಡಿದುಕೊಂಡಿದ್ದೆ. ಬೆಳಕಾದಾಗ ಇಬ್ಬರೂ ಅದನ್ನು ನೋಡಿ ನಕ್ಕೆವು. ಆಮೇಲೆ ನನಗೆ ವಾಂತಿಯಾಯಿತು.

ಉತ್ತರ ದಡದಲ್ಲಿ ಗರುಡೇಶ್ವರ ನನಗೆ ಬೇಕಾಗಿದ್ದ ಜಾಗ. ದತ್ತಭಕ್ತ ಸಂತ ಟೆಂಬೆ ಸ್ವಾಮಿಗಳು, ಅಂದರೆ ವಾಸುದೇವಾನಂದ ಸರಸ್ವತಿಗಳು, 1914ರಲ್ಲಿ ಸಮಾಧಿಯಾದದ್ದು ಅಲ್ಲಿ. ನಮ್ಮ ರಾಯಚೂರು ಜಿಲ್ಲೆಯ ಕುರುವಪುರಕ್ಕೂ ಅವರಿಗೂ ಹಳೇ ನಂಟು. ಕೃಷ್ಣೆಯ ನಡುಗಡ್ಡೆಯಲ್ಲಿ ಕೇಳಿದ ದತ್ತನ ನಾಮವನ್ನೇ ಇಲ್ಲಿ ನರ್ಮದೆಯ ಮೆಟ್ಟಿಲ ಮೇಲೆ ಕೇಳಿ ಅರ್ಧ ದಿನ ಅಲ್ಲೇ ಕೂತೆ. ಕಾಲಿನ ಬೊಬ್ಬೆಗಳೂ ಆರಬೇಕಿತ್ತು ಅನ್ನಿ.

ಆಮೇಲೆ ಒಂದು ಊರು. ಹೆಸರು ಬೇಡ. ಪ್ರತಿ ಆಶ್ರಮದಲ್ಲೂ ಬಾಗಿಲಲ್ಲೇ ಕೇಳುತ್ತಾರೆ, ‘ಕಿತನೇ ಮೂರ್ತಿ?’ ಅಂತ. ಎಷ್ಟು ಜನಕ್ಕೆ ಅಡುಗೆ ಮಾಡಬೇಕು ಅನ್ನುವ ಲೆಕ್ಕ ಅಷ್ಟೇ. ‘ಏಕ್ ಮೂರ್ತಿ’ ಅಂದೆ. ನನ್ನ ಹಿಂದೆ ಇನ್ನೂ ಯಾರೋ ಬರುತ್ತಾರೆ ಅನ್ನುವ ಹಾಗೆ ಆತ ರಸ್ತೆ ನೋಡಿದ. ಯಾರೂ ಬರಲಿಲ್ಲ. ಒಂಟಿ ಮಾತಾಜಿಯನ್ನು ಇಟ್ಟುಕೊಳ್ಳುವುದಿಲ್ಲ, ಮುಂದೆ ಹೋಗಿ ಅಂದ. ಕತ್ತಲಾಗುತ್ತಿತ್ತು. ನನ್ನ ಕಣ್ಣೆದುರೇ ಒಂಟಿ ಗಂಡಸರು ಜಗುಲಿಯಲ್ಲಿ ಆಸನ ಹಾಸುತ್ತಿದ್ದರು. ಅವರಲ್ಲೊಬ್ಬರೂ ತಲೆ ಎತ್ತಲಿಲ್ಲ. ಚಹಾದಂಗಡಿಯ ಹೆಂಗಸು ಇದನ್ನೆಲ್ಲ ನೋಡುತ್ತಿದ್ದಳು. ಶಟರ್ ಎಳೆದು, ಬಾ ಅಂತ ಮನೆಗೆ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಆ ಆಶ್ರಮದವರಿಗೆ ಅವಳು ಬೈದ ಬೈಗುಳಗಳಲ್ಲಿ ಅರ್ಧ ನನಗೆ ಅರ್ಥವಾಗಲಿಲ್ಲ. ಆದರೂ ಹಿತವಾಗಿತ್ತು. ಕ್ಷಮಿಸಿಬಿಡಬೇಕು, ಪರಿಕ್ರಮದಲ್ಲಿ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ನಾನು ಇಟ್ಟುಕೊಂಡಿದ್ದೇನೆ.

ಮಹೇಶ್ವರದ ಘಾಟು, ಭೇಡಾಘಾಟಿನ ಅಮೃತಶಿಲೆ ಬಂಡೆ ಎಲ್ಲ ಚೆಂದವೇ. ಅವುಗಳ ಫೋಟೋ ಎಲ್ಲರೂ ನೋಡಿರುತ್ತೀರಿ. ಅಮರಕಂಟಕದ ಮೇಲೆ ಮಾತ್ರ ನನಗೆ ಬಹಳ ಆಸೆ ಇತ್ತು. ಸಮುದ್ರ ನೋಡಿ ಬಂದ ಕಾಲಲ್ಲಿ ಆ ಪುಟ್ಟ ಕುಂಡದ ಮುಂದೆ ನಿಂತರೆ ಏನೋ ಆಗುತ್ತದೆ ಅಂದುಕೊಂಡಿದ್ದೆ. ಏನೂ ಆಗಲಿಲ್ಲ. ಬಸ್ಸುಗಳು, ಸೆಲ್ಫಿ, ಪ್ರಸಾದದ ಅಂಗಡಿ. ಮುಂಜಾನೆ ಮೂಳೆ ಕೊರೆಯುವ ಚಳಿ, ನನಗೆ ಕೆಮ್ಮು. ಕಣ್ಣಲ್ಲಿ ನೀರು ಬರಲಿ ಅಂತ ಸ್ವಲ್ಪ ಹೊತ್ತು ಕಾದೂ ನೋಡಿದೆ. ಬರದಿದ್ದಾಗ ಮಾಯೀ ಕೀ ಬಗಿಯಾ ಅನ್ನುವ ತೋಟದ ಕಡೆಯಿಂದ ಸುತ್ತು ಹಾಕಿ ದಕ್ಷಿಣ ದಡಕ್ಕೆ ತಿರುಗಿದೆ.

ಖುಷಿ ಸಿಕ್ಕಿದ್ದು ನರ್ಮದಾಪುರಂ ಜಿಲ್ಲೆಯ ಗೋಧಿ ಹೊಲಗಳ ನಡುವೆ. ಹಳೇ ಹೋಶಂಗಾಬಾದ್. ಏಪ್ರಿಲ್ ಬಿಸಿಲು ಬಾಂಡಲೆಯ ಎಣ್ಣೆಯ ಹಾಗೆ ಕುದಿಯುತ್ತಿತ್ತು. ದೊಡ್ಡ ಹೊಲಗಳಲ್ಲಿ ಕಟಾವು ಯಂತ್ರ ಓಡಾಡುತ್ತಿದ್ದರೆ, ಸಣ್ಣ ಹಿಡುವಳಿಯವರದು ಕೈಯಲ್ಲೇ ಕುಯ್ಲು. ಸಂಜೆ ಒಂದು ಮನೆಯ ಮುಂದೆ ನೀರು ಕೇಳಿದೆ. ಒಳಗೆ ಕರೆದರು. ಅಂಗಳದಲ್ಲಿ ಮೂರು ತಲೆಮಾರಿನ ಹೆಂಗಸರು ಕೂತು ಮನೆ ಖರ್ಚಿನ ಗೋಧಿ ಕೇರುತ್ತಿದ್ದರು. ನನ್ನನ್ನು ಕಂಡು ಸೊಸೆ ಎದ್ದು ಕಾಲು ಮುಟ್ಟಲು ಬಂದಳು. ಅತ್ತೆ ಮಾತ್ರ ಏಳಲಿಲ್ಲ. ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ‘ಸುಮ್ನೆ ಕೂತು ಏನ್ ಮಾಡ್ತೀಯಾ, ಹಿಡಿ’ ಅಂತ ಮೊರ ನನ್ನ ಕಡೆ ತಳ್ಳಿದಳು.

ಸೊಸೆ ನಾಲಿಗೆ ಕಚ್ಚಿಕೊಂಡಳು. ಪರಿಕ್ರಮಾವಾಸಿಯ ಕೈಲಿ ಯಾರಾದರೂ ಕೆಲಸ ಮಾಡಿಸುತ್ತಾರಾ! ನಾನು ಮೊರ ಹಿಡಿದೆ. ಅಮ್ಮನ ಜತೆ ಜೋಳ ಕೇರಿದ ಕೈ, ಮರೆತಿರಲಿಲ್ಲ. ಮೊದಲು ಎರಡು ಸಲ ಮೇಲಕ್ಕೆ ಹಾರಿಸಬೇಕು, ಆಮೇಲೆ ಮೊರವನ್ನು ಸ್ವಲ್ಪ ಓರೆ ಮಾಡಿ ತಟ್ಟಬೇಕು. ಹೊಟ್ಟು ಮುಂದೆ ಹಾರುತ್ತದೆ, ಕಲ್ಲು ಹಿಂದೆ ಉಳಿಯುತ್ತದೆ. ಮುದುಕಿ ನನ್ನ ಮೊರಕ್ಕೆ ಕೈ ಹಾಕಿ ಒಂದು ಹಿಡಿ ಗೋಧಿ ಎತ್ತಿ ನೋಡಿದಳು. ಏನೂ ಅನ್ನಲಿಲ್ಲ, ಇನ್ನೊಂದು ಮೊರ ಸುರಿದಳು. ಕತ್ತಲಾಗುವವರೆಗೂ ಕೇರಿದೆ. ಹೊಟ್ಟು ಕುತ್ತಿಗೆಗೆಲ್ಲ ಅಂಟಿ ಮೈ ತುರಿಕೆ. ಅಷ್ಟು ತಿಂಗಳಲ್ಲಿ ಅವತ್ತು ರಾತ್ರಿ ತಿಂದ ಟಿಕ್ಕಡ್, ಅಂದರೆ ದಪ್ಪ ರೊಟ್ಟಿ, ಒಂದೇ ನುಂಗುವಾಗ ಗಂಟಲಲ್ಲಿ ಸಿಕ್ಕಿಕೊಳ್ಳದೆ ಇಳಿದದ್ದು. ಮಲಗುವಾಗ ಮುದುಕಿ ಕೇಳಿದಳು, ಮನೆಯಲ್ಲಿ ಯಾರ್ಯಾರಿದ್ದಾರೆ ಅಂತ. ಒಬ್ಬಳೇ ಅಂದೆ. ‘ಹಾಗಾದರೆ ನಾಳೆ ಬೆಳಿಗ್ಗೆ ಉಳಿದದ್ದನ್ನೂ ಮುಗಿಸಿ ಹೋಗು’ ಅಂದಳು. ಮುಗಿಸಿಯೇ ಹೊರಟೆ.

ಓಂಕಾರೇಶ್ವರದಲ್ಲಿ ಕೊನೆಯ ಪೂಜೆ ಆಯಿತು. ಈಗ ಸೇತುವೆ ದಾಟಬಹುದು. ದ್ವೀಪಕ್ಕೆ ಹೋಗಿ ಬಾಟಲಿಯ ನೀರನ್ನು ಜ್ಯೋತಿರ್ಲಿಂಗಕ್ಕೆ ಅರ್ಪಿಸಿದರೆ ಎಲ್ಲ ಮುಗಿದ ಹಾಗೆ. ಸಾಲು ಉದ್ದ, ಬೆವರು, ತಳ್ಳಾಟ. ಹಿಂದಿನವನ ಮೊಣಕೈ ಬೆನ್ನಿಗೆ ತಗಲುತ್ತಿತ್ತು. ಸಮುದ್ರದವರೆಗೆ ಹೊತ್ತುಕೊಂಡು ಹೋಗಿ ತಂದ ನೀರು ಒಂದು ಕ್ಷಣದಲ್ಲಿ ಸುರಿದುಹೋಯಿತು. ‘ಚಲೋ ಚಲೋ’ ಅಂತ ಮುಂದಕ್ಕೆ ದಬ್ಬಿದರು.

ಹೊರಗೆ ಬಂದು ಒಂದು ಗಾಡಿಯ ಹತ್ತಿರ ಪೋಹಾ, ಜಿಲೇಬಿ ತಿಂದೆ. ನನ್ನ ಬಿಳಿ ಸೀರೆ, ಕೋಲು ನೋಡಿ ಗಾಡಿಯವನು ದುಡ್ಡು ಬೇಡ ಅಂದ. ‘ಪರಿಕ್ರಮ ಮುಗೀತಪ್ಪಾ, ಈಗ ತಗೋ’ ಅಂತ ನೂರರ ನೋಟು ಮುಂದೆ ಹಿಡಿದೆ. ತಗೊಂಡ. ಚಿಲ್ಲರೆ ವಾಪಸ್ ಕೊಟ್ಟ. ಎಣಿಸಿಕೊಂಡೆ.